ಪೆಟ್ಟಿಗೆಯಲ್ಲಿ ಒಂಬತ್ತು

ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಕನಿಕರದಿಂದ ಹೇಳಿದ್ದು ಮಾತ್ರ ಒಂದೇ, ಅದೇ ಕುತ್ತಿಗೆಗೆ ಬಂತು.

ನಮ್ಮ ಕೆಲಸ ಹೊರಗಿನವರಿಗೆ ಹುಚ್ಚಾಟದಂತೆ ಕಾಣುತ್ತದೆ. ದೈತ್ಯ ಯಂತ್ರದಲ್ಲಿ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತೇವೆ. ಅಲ್ಲಿ ಹುಟ್ಟುವ ಒಂದು ಬಗೆಯ ಕಣ ನೂರು ಕೋಟಿ ಸಲ ಒಡೆದರೆ ಎಲ್ಲೋ ಒಮ್ಮೆ ನಮಗೆ ಬೇಕಾದ ರೀತಿಯಲ್ಲಿ ಒಡೆಯಬಹುದು. ಅದನ್ನು ಹುಡುಕುತ್ತ ನಮ್ಮ ಮೇಷ್ಟ್ರು ಇಪ್ಪತ್ತಾರು ವರ್ಷ ಸವೆಸಿದ್ದರು, ನಾನು ಹನ್ನೊಂದು.

ಆಸೆ ಕಣ್ಣಿಗೆ ಮಣ್ಣೆರಚುತ್ತದೆಂದು ಅವರೇ ಒಂದು ನಿಯಮ ಮಾಡಿದ್ದರು. ಆ ಅಪರೂಪದ ಒಡೆತ ಎಲ್ಲಿ ಕಾಣಿಸಬೇಕೋ ಅಷ್ಟು ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಮುಚ್ಚಿಡಬೇಕು. ಅದನ್ನು ‘ಪೆಟ್ಟಿಗೆ’ ಎನ್ನುತ್ತಿದ್ದೆವು. ಪರಿಶೀಲನಾ ಸಮಿತಿ ಒಪ್ಪಿದ ಮೇಲೇ ತೆರೆಯಬೇಕು. ಸುಮ್ಮನೆ ಹೋಲುವ ನಕಲಿಗಳೇ ನಾಲ್ಕಿರುತ್ತವೆಂಬುದು ನಮ್ಮ ಅಂದಾಜು, ಬಹಳ ಹೆಚ್ಚು ಸಿಕ್ಕರಷ್ಟೇ ಗೆದ್ದಂತೆ. ಹಿಂದೊಮ್ಮೆ ಕದ್ದು ಇಣುಕಿದ ಸಂಶೋಧಕನನ್ನು ಮೇಷ್ಟ್ರು ಗುಂಪಿನಿಂದ ಹೊರಹಾಕಿದ್ದರು, ಆಮೇಲೆ ಎದುರು ಸಿಕ್ಕರೂ ಮಾತಾಡಿಸಲಿಲ್ಲ.

ಈ ಸಲ ಸಮಿತಿ ಗ್ರಾಫಿನ ಗೆರೆ ದಪ್ಪವಾಯಿತು, ಅಕ್ಷರ ಸಣ್ಣದಾಯಿತು ಎಂದು ವಾರಗಟ್ಟಲೆ ಜೀವ ತಿಂದಿತು. ಅಷ್ಟರಲ್ಲಿ ಮೇಷ್ಟ್ರ ಶ್ವಾಸಕೋಶ ಕೈಕೊಟ್ಟಿತು. ಇನ್ನು ನಾಲ್ಕೈದು ದಿನ ಎಂದು ಡಾಕ್ಟರು ಅವರ ಹೆಂಡತಿಗೆ ಹೇಳಿದ್ದರು. ನಾನು ಆಸ್ಪತ್ರೆಗೆ ಹೋದಾಗ ಮೇಷ್ಟ್ರು ಮಾಸ್ಕ್ ಸರಿಸಿದರು.

“ಪೆಟ್ಟಿಗೇಲಿ ಎಷ್ಟಿರಬಹುದಮ್ಮಾ?”

ಇನ್ನೂ ತೆರೆದಿಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ಹಾಗೆನ್ನಲಾಗಲಿಲ್ಲ. “ಒಂಬತ್ತು, ಸರ್. ಸಮಿತಿ ಒಪ್ತು, ನಿನ್ನೆ ತೆರೆದ್ವಿ” ಎಂದುಬಿಟ್ಟೆ.

ಅವರ ಕಣ್ಣು ಒಂದು ಕ್ಷಣ ಅರಳಿ ಹಾಗೇ ಆರಿತು.

“ಸಮಿತಿಯೋರು ಬೆಳಿಗ್ಗೆ ಫೋನ್ ಮಾಡಿದ್ರು. ಇನ್ನೂ ಒಂದು ವಾರ ಬೇಕಂತೆ.” ಉಸಿರು ಎಳೆದುಕೊಂಡರು. “ನೀನೂ ಇಣುಕಿದ್ಯಾ?”

ಇಲ್ಲ, ನಿಮ್ಮ ಸಮಾಧಾನಕ್ಕೆ ಬಾಯಿಗೆ ಬಂದ ಸಂಖ್ಯೆ ಹೇಳಿದೆ ಎಂದು ಎಷ್ಟು ಗೋಗರೆದರೇನು? ಇಣುಕಿದವಳೂ ಅದನ್ನೇ ಹೇಳುತ್ತಾಳೆ. ಅವರು ಮಾಸ್ಕ್ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. ಮರುದಿನ ಹೋದರೆ ಅವರ ಹೆಂಡತಿ ಬಾಗಿಲಲ್ಲೇ ತಡೆದು, ಮಲಗಿದ್ದಾರೆ ಎಂದರು. ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಮೇಷ್ಟ್ರು ತೀರಿಕೊಂಡರು.

ಆರು ದಿನ ಬಿಟ್ಟು, ಸಮಿತಿ ಒಪ್ಪಿದ ಮೇಲೆ, ಹಾಡಹಗಲು, ಎಲ್ಲರೂ ನನ್ನ ಕುರ್ಚಿಯ ಹಿಂದೆ ನಿಂತಿದ್ದಾಗ ಪೆಟ್ಟಿಗೆ ತೆರೆದೆ. ನಾಲ್ಕು. ಬರೀ ನಕಲಿಗಳು. ಯಾರೋ ಮೆಲ್ಲಗೆ ಬೈದುಕೊಂಡರು. ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಹನ್ನೊಂದು ವರ್ಷ ನೀರಲ್ಲಿ ಹೋಮವಾಯಿತೆಂದು ಅಳುತ್ತಿದ್ದಾಳೆ ಅಂದುಕೊಂಡರು. ಆದರೆ ಇಣುಕಿದ್ದರೆ ನಾನು ಒಂಬತ್ತು ಎನ್ನುತ್ತಿದ್ದೆನೇ? ನಾನು ನೋಡಿರಲಿಲ್ಲ ಎನ್ನಲು ಆ ನಾಲ್ಕೇ ಸಾಕ್ಷಿ.

ಆ ಫಲಿತಾಂಶ ಅಚ್ಚಾದ ಹಾಳೆಯನ್ನು ಮೇಷ್ಟ್ರ ಮನೆಗೆ ಒಯ್ದೆ. ಅವರ ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ನಾಲ್ಕು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?”

“ಅವರಿಗೆ ಕೆಟ್ಟದ್ದು, ಅಮ್ಮಾ” ಎಂದೆ. ನನಗೆ ಒಳ್ಳೆಯದು ಎನ್ನಲು ಬಾಯಿ ಬರಲಿಲ್ಲ.