ಎಡಗೈಯ ಪಾಠ

ಧೋತರದ ಮೇಲೆ ಬಿದ್ದ ಈ ಬಿಳಿ ಪುಡಿ ರಾಳದ್ದೋ, ಬೆಳಿಗ್ಗೆ ಹೆಂಡತಿ ಕಮಲಾಬಾಯಿಗೆ ಉಣಿಸುವಾಗ ಉದುರಿದ ರೊಟ್ಟಿಯ ಹಿಟ್ಟೋ, ಬಾಳಕೃಷ್ಣರಾಯರು ಬೆರಳಿಗೆ ಹಚ್ಚಿಕೊಂಡು ಮೂಸಿದರು, ರಾಳವೇ, ಕಮಾನಿನ ಕೂದಲಿಗೆ ತಿಕ್ಕಿದ್ದು, ಎಷ್ಟು ತಿಕ್ಕಬೇಕೆಂಬ ಹದ ವರ್ಷವಾದರೂ ಕೈಗೆ ಬಂದಿಲ್ಲ, ಹೆಚ್ಚಾದರೆ ಪಿಟೀಲು ಕಿರಚುತ್ತದೆ, ಕಡಿಮೆಯಾದರೆ ಕಮಾನು ತಂತಿಯ ಮೇಲೆ ಸುಮ್ಮನೆ ಜಾರಿಹೋಗುತ್ತದೆ — ಐವತ್ತೇಳು ವಯಸ್ಸಿನಲ್ಲಿ, ಮಾಮಲೇದಾರ ಕಚೇರಿಯಿಂದ ಪೆನ್ಶನ್ ತಗೊಂಡು ಮನೆಯಲ್ಲಿ ಕೂತವರಿಗೆ ಈ ಉಸಾಬರಿ ಯಾಕೆ ಬೇಕಿತ್ತು, ಬೈಲಹೊಂಗಲದ ಅರ್ಧ ಓಣಿ ನಗುತ್ತದೆ, ಭಾಂಡೆ ತಿಕ್ಕುವ ಸೀತವ್ವ ಹಿತ್ತಲಿನಿಂದಲೇ ಕೇಳುತ್ತಾಳೆ, ಇವತ್ತ ಯಾವ ಬೆಕ್ಕಿನ ಬಾಲಾ ತುಳದ್ರಿ ರಾಯರ? ನಗಲಿ, ನಗುವವರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೇ, ಗಂಗಯ್ಯ ಮಾಸ್ತರರಂತೂ ನಗಲಿಲ್ಲ, ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಪಿಟೀಲು ಬಾರಿಸಿ ಈಗ ಊರಲ್ಲಿ ನಾಲ್ಕು ಜನರಿಗೆ ಪಾಠ ಹೇಳುವ ಆ ಮನುಷ್ಯ ಮೊದಲ ದಿನವೇ ಇವರ ಎರಡೂ ಕೈ ಹಿಡಿದು ನೋಡಿ ಹೇಳಿದ್ದರು, ನಿಮ್ಮ ಬಲಗೈ ಅಗದಿ ಛಲೋ ಐತ್ರಿ ರಾಯರ, ಕಚೇರ್ಯಾಗ ಕಾಗದದ ಮ್ಯಾಲ ರೇಘಿ ಎಳದ ಕೈ, ಕಮಾನೂ ನೆಟ್ಟಗ ಎಳೀತೈತಿ, ಎಡಗೈ ಮಾತ್ರ ಮಲಕೊಂಡೈತಿ, ಅದನ್ನ ಎಬ್ಬಸ್ರಿ. ಎಬ್ಬಿಸುವುದೆಂದರೆ ಹೇಗೆ, ಅದನ್ನು ಮಲಗಿಸಿದ್ದೇ ಮುಂಜಿವೆಗೂ ಮೊದಲು, ಎಡಗೈಲೆ ಕೊಡಬ್ಯಾಡ, ಎಡಗೈಲೆ ತಗೋಬ್ಯಾಡ, ತಾಟಿನ ಹತ್ತಿರ ಬಂದರೆ ಅಪ್ಪನ ಪೆಟ್ಟು ಮಣಿಕಟ್ಟಿನ ಮೇಲೆ, ಪೆಟ್ಟು ತಿಂದು ತಿಂದು ಅದು ತೊಡೆಯ ಮೇಲೆ ಕೂತುಬಿಟ್ಟಿತು, ಐವತ್ತು ವರ್ಷ ಹಾಗೇ ಕೂತಿತು, ಈಗ ನಾಲ್ಕು ತಂತಿಗಳ ಮೇಲೆ ಅದೇ ಕುಣಿಯಬೇಕಂತೆ, ಬಲಗೈ ಬರೇ ಎಳೆಯುವ ಕೂಲಿಯಂತೆ, ಹಾಡುವುದೆಲ್ಲ ಎಡಗೈಯಂತೆ. ರಾಯರು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿಕೊಂಡು ಕೂತರು, ಮಂಡಿ ಎಂದಿನಂತೆ ನೋಯಿತು.

ಎದುರಿಗೆ ಕಮಲಾಬಾಯಿ, ಮಂಚದ ಮೇಲೆ, ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದಾರೆ, ಹೊದಿಸಿದ ತುಂಡುಬಟ್ಟೆಯ ಕೌದಿ ಎದೆಯವರೆಗೆ, ಕಿಟಕಿಯಿಂದ ಬಂದ ನಾಲ್ಕು ಗಂಟೆಯ ಬಿಸಿಲು ಕೌದಿಯ ಕೆಂಪು ತುಂಡಿನ ಮೇಲೆ ಬಿದ್ದಿದೆ, ಬಾಯಿ ಒಂದು ಬದಿಗೆ ಎಳೆದಿದೆ, ಕಣ್ಣು ಮಾತ್ರ ಹಿಂದಿನದೇ, ದೇಗಾಂವಿಯಿಂದ ಹದಿನಾರು ವರ್ಷದವಳಾಗಿ ಬಂದಾಗಿನದೇ, ಬಂದ ವಾರದಲ್ಲೇ ಒಲೆಯ ಮುಂದೆ ಕೂತು ಹಾಡಿದಳಲ್ಲ, ಹಿತ್ತಲ ಬಾಗಿಲ ತೆಗೆದಿಡ ತಂಗಿ — ತಂಗಿ ಎಂಬಲ್ಲಿ ದನಿ ಒಂದಿಷ್ಟು ಕೆಳಗೆ ಜಾರಿ, ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇರುತ್ತಿತ್ತು, ಮುಂದೇನು, ಬಾಗಿಲು ಯಾಕೆ ತೆಗೆದಿಡಬೇಕು, ಯಾರು ಬರುತ್ತಾರೆ ಆ ಬಾಗಿಲಿನಿಂದ, ರಾಯರಿಗೆ ಗೊತ್ತಿಲ್ಲ, ಮೂವತ್ತು ವರ್ಷ ಸಂಸಾರ ಮಾಡಿಯೂ ಗೊತ್ತಿಲ್ಲ. ಅವರು ಆಪೋಶನ ತಗೊಂಡು ಊಟಕ್ಕೆ ಕೂತ ಮೇಲೆ ಮಾತಾಡುತ್ತಿರಲಿಲ್ಲ, ಮನೆತನದ ಪದ್ಧತಿ, ಬಲಗೈ ಎಂಜಲು, ಬಾಯಿಗೆ ಮೌನ, ಅನ್ನ ಸಾಕಾದರೂ ಸಾರು ಸಾಕಾದರೂ ಎಡಗೈ ಎತ್ತುವುದು, ಹೆಬ್ಬೆರಳು ಒಳಗೆ ಮಡಿಸಿ, ನಾಲ್ಕು ಬೆರಳು ಕೂಡಿಸಿ, ಅಂಗೈ ಅವಳ ಕಡೆಗೆ — ಐವತ್ತು ವರ್ಷದಲ್ಲಿ ಆ ಕೈಗೆ ಬಂದ ವಿದ್ಯೆ ಅದೊಂದೇ. ಅವಳು ಬಡಿಸಿ ಒಲೆಗೆ ಮರಳಿ ಹಾಡು ಎತ್ತಿಕೊಳ್ಳುತ್ತಿದ್ದಳು, ಮೊದಲ ಸಾಲು ಮುಗಿಯುವಷ್ಟರಲ್ಲಿ ಇವರ ಎಡಗೈ ಏಳುತ್ತಿತ್ತು, ಹಾಡೂ ಸಾಕು. ಮುಂದಿಂದೂ ಒಂದೀಟು ಕೇಳ್ರಿ, ಛಂದ ಅದ ಅಂತ ಒಮ್ಮೆ ಅಂದಳು, ನಕ್ಕೊಂತಲೇ ಅಂದಳು, ಇವರು ನಗಲಿಲ್ಲ, ಕೈಯನ್ನು ಇನ್ನೂ ಒಂದಿಷ್ಟು ಮೇಲಕ್ಕೆತ್ತಿದರು, ತಲೆಯಲ್ಲಿ ಮಾಮಲೇದಾರರು ಕೇಳಿದ ಕಾಗದ, ಹೊಟ್ಟೆಯಲ್ಲಿ ಹಸಿವು, ಹಾಡು ಅಂದರೆ ಅಡ್ಡ ಬಂದ ನೊಣದಷ್ಟೇ. ದಿನಾ ಅವಳು ಶುರು ಮಾಡುವಳು, ದಿನಾ ಇವರ ಕೈ ಏಳುವುದು, ಕಡೆಗೆ ಅವಳೇ ತಂಗಿ ಎಂಬಲ್ಲಿಗೆ ನಿಲ್ಲಿಸಿ ಇವರ ಕಡೆ ನೋಡುವ ರೂಢಿ ಮಾಡಿಕೊಂಡಳು. ಇಷ್ಟೂ ವರ್ಷ ಅವರಿಗೆ ಅದು ತಪ್ಪೆಂದು ಅನಿಸಿರಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ ದೀಪಾವಳಿಗೆ ಅವಳಿಗೆ ಲಕ್ವಾ ಹೊಡೆಯಿತು, ನೀರು ಸೇದುತ್ತಿದ್ದವಳು ಹಗ್ಗ ಬಿಟ್ಟು ಕೂತಳು, ಕೊಡ ಬಾವಿಗೆ ಬಿದ್ದ ಸದ್ದು ಕೇಳಿ ಇವರು ಓಡಿದರು, ಬಲಗಡೆ ಪೂರಾ ಹೋಯಿತು, ಮಾತೂ ಹೋಯಿತು, ಎಡಗೈ ಉಳೀತಲ್ಲ, ಅದರಲೇ ಉಣಲಿ ಅಂತ ಡಾಕ್ಟರು ಅಂದರು, ಸರಿ, ಮೂರನೆಯ ದಿನ ಎದುರಿಗೆ ತಾಟು ಇಟ್ಟರೆ ಅವಳ ಎಡಗೈ ನಡುಗುತ್ತ ಅನ್ನದ ಕಡೆ ಬಂತು, ಆಗ — ಬೇಕೆಂದು ಅಲ್ಲ, ದೇವರಾಣೆ ಬೇಕೆಂದು ಅಲ್ಲ, ಅಪ್ಪನ ಪೆಟ್ಟು ಇವರ ಕೈಯಲ್ಲೇ ಇತ್ತಲ್ಲ, ಅದು ತಾನಾಗಿ ಎದ್ದು ಅವಳ ಮಣಿಕಟ್ಟಿನ ಮೇಲೆ ಬಿತ್ತು, ಮೆಲ್ಲಗೆ, ಆದರೆ ಬಿತ್ತು. ಅವಳು ಕೈ ಹಿಂದಕ್ಕೆ ತಗೊಂಡಳು, ಕೌದಿಯ ಒಳಗಿಟ್ಟಳು, ಅಂದಿನಿಂದ ಅದು ಹೊರಗೆ ಬಂದಿಲ್ಲ, ತಪ್ಪಾತು ಕಮಲಾ, ನಿನ್ನ ಕೈಲೇ ಉಣ್ಣು ಅಂತ ಎಷ್ಟು ಹೇಳಿದರೂ ಇಲ್ಲ, ಬಾಯಿ ತೆರೆಯುತ್ತಾಳೆ, ಇವರು ತುತ್ತು ಇಡುತ್ತಾರೆ, ಮೂರು ಹೊತ್ತೂ ಇವರೇ. ಇದನ್ನೆಲ್ಲ ಒಂದು ದಿನ ಕಟ್ಟೆಯ ಮೇಲೆ ಕೂತು ಗಂಗಯ್ಯ ಮಾಸ್ತರರಿಗೆ ಹೇಳಿದಾಗಲೇ ಅವರು ಕಂಪನಿಯ ಒಬ್ಬ ನಟನ ಮಾತು ತೆಗೆದದ್ದು, ಅವಗೂ ಹಿಂಗ ಆಗಿತ್ರಿ ರಾಯರ, ನೀರ ಬೇಕಂತ ಕೇಳಾಕ ಬರತಿದ್ದಿಲ್ಲ, ಆದರ ಹಾರ್ಮೋನಿಯಂ ಪೇಟಿ ಮ್ಯಾಲ ಪದದ ಮೊದಲನೇ ಸಾಲ ಹಿಡದ್ರ ಸಾಕು, ಉಳದದ್ದು ಪೂರಾ ತಾನ ಹಾಡಿ ಮುಗಸತಿದ್ದ, ಮಾತ ಹೋದ್ರೂ ಹಾಡ ಎಲ್ಲೋ ಬ್ಯಾರೆ ಕಡೆ ಕುಂತಿರತೈತಿ. ಆ ರಾತ್ರಿ ರಾಯರಿಗೆ ನಿದ್ದೆ ಹತ್ತಲಿಲ್ಲ.

ಅವಳ ಆ ಸಾಲು ನೀವೇ ಬಾರಿಸಿರಿ ಮಾಸ್ತರ ಅಂದರೆ, ಧಾಟಿ ಹೇಳ್ರಿ ಬಾರಸತೇನಿ ಅಂದರು, ರಾಯರು ಗುನುಗಿದರು, ಮೂರು ಸಲ ಗುನುಗಿದರೆ ಮೂರು ಥರ ಬಂತು, ಮಾಸ್ತರರು ಕೈಮುಗಿದರು, ಕಿವಿಯಲ್ಲಿ ನಿಚ್ಚಳ ಇದೆ, ಗಂಟಲಿಗೆ ಬರುವುದಿಲ್ಲ. ಮೋಟಾರು ಹತ್ತಿ ಸವದತ್ತಿಯಲ್ಲಿ ಇಳಿದು ಬೇರೆ ಮೋಟಾರು ಹತ್ತಿ ರಾಮದುರ್ಗಕ್ಕೂ ಹೋಗಿ ಬಂದರು, ಕಮಲಾಬಾಯಿಯ ತಂಗಿ ಲೀಲಾಬಾಯಿ ಇರುವುದಲ್ಲಿ, ಅವಳಿಗಾದರೂ ತವರಿನ ಹಾಡು ಬರುತ್ತದೆಂದು, ಅವಳು ಚಹಾ ಕೊಟ್ಟು ಕಣ್ಣೊರೆಸಿಕೊಂಡು ಅಂದಳು, ಅದು ತವರುಮನಿ ಹಾಡಲ್ಲ ಭಾವಾ, ಅಕ್ಕ ತಾನ ಕಟ್ಟಿದ್ದು, ನಿನ್ನ ಸಲುವಾಗಿ ಕಟ್ಟೇನಿ ಅಂತಿದ್ಲು, ಪೂರಾ ಹಾಡಿ ತೋರಿಸೂ ಮೊದಲ ನಿಮ್ಮ ಮನಿಗೆ ಬಂದ್ಲು, ನೀವು ಮೂವತ್ತು ವರ್ಷ ಕೇಳೀರಿ, ನಿಮಗ ಬರೂದಿಲ್ಲೇನು? ರಾಯರು ಆರಿದ ಚಹಾ ಒಂದೇ ಗುಟುಕಿಗೆ ಕುಡಿದು, ಮೋಟಾರಿನ ಹೊತ್ತಾಯಿತೆಂದು ಎದ್ದರು. ಹಾಗಾದರೆ ಜಗತ್ತಿನಲ್ಲಿ ಆ ಹಾಡು ಇರುವುದು ಒಂದೇ ಕಡೆ, ಕೌದಿ ಹೊದ್ದು ಕೂತ ಆ ಒಬ್ಬಳಲ್ಲಿ, ಅದರ ಕದ ಬಡಿಯಲು ಇವರ ಹತ್ತಿರ ಇರುವುದು ಒಂದು ಸಾಲು, ಆ ಸಾಲಿಗೆ ಗಂಟಲಿಲ್ಲ, ಪೇಟಿಯಲ್ಲಿ ಆ ಜಾರು ಬರುವುದಿಲ್ಲ, ಪಿಟೀಲಿನಲ್ಲಿ ಬರುತ್ತದೆ, ಕಲೀಬೇಕು. ಕಲಿತರು, ಕಲಿಯುವುದೇನು ಬಂತು, ವರ್ಷವಿಡೀ ಬೆರಳ ತುದಿ ಒಡೆಯಿತು, ಕೊಬ್ಬರಿ ಎಣ್ಣೆ ಹಚ್ಚಿದರು, ಎಡಗೈಲೆ ಗುಂಡಿ ಹಾಕ್ರಿ, ಎಡಗೈಲೆ ಕಾಯಿಪಲ್ಯ ಹೆಚ್ಚರಿ ಅಂದರು ಮಾಸ್ತರರು, ಅದನ್ನೂ ಮಾಡಿದರು, ಬದನೆಕಾಯಿಯ ಜೊತೆ ಬೆರಳೂ ಹೆಚ್ಚಿತು, ಅಷ್ಟಾದರೂ ಮೂರನೆಯ ಬೆರಳು ಆ ಜಾಗಕ್ಕೆ ಹೋಗಿ ಕೂಡ್ರುವುದಿಲ್ಲ, ಒಂದು ಎಳ್ಳಿನಷ್ಟು ಮೇಲೆ, ಇಲ್ಲವೇ ಎಳ್ಳಿನಷ್ಟು ಕೆಳಗೆ, ಅವಳು ಕೇಳುತ್ತ ಕೂತಿರುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ಕೌದಿ ಅಲುಗುವುದಿಲ್ಲ.

ಇವತ್ತು ಮತ್ತೆ, ಬಿಸಿಲು ಕೆಂಪು ತುಂಡಿನಿಂದ ಹಳದಿ ತುಂಡಿಗೆ ಸರಿದಿದೆ, ಕಮಾನು ಇಡು, ತೋಳು ಸಡಿಲ ಬಿಡು, ಹಿತ್ತಲ — ಕಿರಚಲಿಲ್ಲ — ಬಾಗಿಲ — ಒಲೆಯ ಹೊಗೆ, ಅವಳ ಬೆನ್ನು, ಬೆವರಿಗೆ ಅಂಟಿದ ಕುಪ್ಪಸ — ತೆಗೆದಿಡ, ಈಗ ಮೂರನೆಯದು, ಯೋಚಿಸಬೇಡ, ಯೋಚಿಸಿದರೆ ಕೆಟ್ಟಿತು, ತಂಗಿ — ಬೆರಳು ಜಾರಿತು, ನೆಲ ಮುಟ್ಟುವ ಮೊದಲೇ ಮೇಲೆ ಬಂತು, ಬಂತೇ, ಬಂತು, ಅದೇ, ಅವಳದೇ ದನಿ, ಹಿತ್ತಲಿನಲ್ಲಿ ಭಾಂಡೆಯ ಸದ್ದು ನಿಂತಿತು, ರಾಯರ, ಸೀತವ್ವ ಬಾಗಿಲಿಗೆ ಬಂದು ಬೂದಿಗೈಯಲ್ಲೇ ನಿಂತಳು, ಅವ್ವಾರ ಹಾಡೇನ್ರಿ ಅದು? ಹೌದು, ಸುಮ್ಮನಿರು, ಉಸಿರು ಬಿಡಬೇಡ, ಕಮಾನು ಇನ್ನೂ ತಂತಿಯ ಮೇಲೆಯೇ ಇದೆ, ಕೌದಿ ಅಲುಗಿತು, ಕೌದಿಯ ಅಂಚು ಎದ್ದಿತು, ಒಂದೂವರೆ ವರ್ಷದಿಂದ ಒಳಗಿದ್ದ ಕೈ ಹೊರಗೆ ಬಂತು, ಬಿಳಿಚಿದೆ, ಬಳೆ ಮೊಣಕೈಗೆ ಜಾರಿದೆ, ಹಾಡು ಕಮಲಾ, ಮುಂದಿನ ಸಾಲು ಹಾಡು, ಈ ಸಲ ಕೇಳುತ್ತೇನೆ, ಪೂರಾ ಕೇಳುತ್ತೇನೆ, ಯಾರು ಬರುತ್ತಾರೆ ಆ ಬಾಗಿಲಿನಿಂದ, ಹೇಳು — ಅವಳು ಇವರನ್ನೇ ನೋಡುತ್ತಿದ್ದಾಳೆ, ಸಿಟ್ಟಿಲ್ಲ, ತಂಗಿ ಎಂಬಲ್ಲಿಗೆ ನಿಲ್ಲಿಸಿ ನೋಡುತ್ತಿದ್ದಳಲ್ಲ, ಹಾಗೆ, ತುಟಿ ಅಲುಗಲಿಲ್ಲ, ಕೈ ಏಳುತ್ತಿದೆ, ನಡುಗುತ್ತ ಏಳುತ್ತಿದೆ, ಹೆಬ್ಬೆರಳು ಒಳಗೆ ಮಡಿಸಿದೆ, ನಾಲ್ಕು ಬೆರಳು ಕೂಡಿವೆ, ಇದು ಅವಳ ಕೈಯಲ್ಲ, ಇದು ನನ್ನದು, ಇದನ್ನು ನಾನೇ ಕಲಿಸಿದ್ದು, ದಿನಾ ಎರಡು ಹೊತ್ತು, ಈ ಸಾಲಿನ ತುದಿಗೇ ಕಲಿಸಿದ್ದು, ಅಂಗೈ ಇತ್ತ ತಿರುಗಿತು, ಸಾಕು, ಹೆಬ್ಬೆರಳು ಒಳಗೆ, ನಾಲ್ಕು ಬೆರಳು, ಅಂಗೈ.