ಅಳಿಯಂದಿರ ಕ್ಯಾಚುಗಳು

ಚೆಂಡು ನೆತ್ತಿಯ ಮೇಲಿತ್ತು. ಚಿತ್ತಪ್ಪ ಅದನ್ನು ನೋಡದೆ ಓಡುತ್ತಿದ್ದ. ಹೊಳಲ್ಕೆರೆಯ ಆ ಮೈದಾನದ ಅಂಚಿನಲ್ಲಿ ಹುಲ್ಲಿಗಿಂತ ನೆಗ್ಗಿಲುಮುಳ್ಳೇ ಹೆಚ್ಚು. ಇಪ್ಪತ್ತು ಮಾರು ಓಡಿ, ಗಕ್ಕನೆ ಹೊರಳಿ, ಕೈ ಚಾಚಿದ. ಚೆಂಡು ಬಂದು ಕೂತಿತು.

ಬೇವಿನ ಮರದ ಕೆಳಗೆ ಸೋಡಾ ಕುಡಿಯುತ್ತಿದ್ದ ತಿಪ್ಪೇರುದ್ರಪ್ಪನವರು ಕುರ್ಚಿಯಿಂದೆದ್ದು ಸುತ್ತಲಿನವರಿಗೆ ಕೈ ಮುಗಿದರು. ಪಕ್ಕದಲ್ಲಿ ಸ್ಕೋರು ಬರೆಯುತ್ತಿದ್ದ ಮೂಡಲಗಿರಿಯಪ್ಪ ಮೇಷ್ಟ್ರು ಪುಸ್ತಕದಲ್ಲಿ ಗುಂಡಾದ ಅಕ್ಷರದಲ್ಲಿ ಬರೆದರು: ಕ್ಯಾಚು, ತಿಪ್ಪೇರುದ್ರಪ್ಪ.

ಅದು ಆ ವರ್ಷ ಅಳಿಯಂದಿರು ಹಿಡಿದ ಹದಿನಾಲ್ಕನೆಯ ಕ್ಯಾಚು.

ತಂಡ ಹಿರಿಯೂರಿನ ಎಣ್ಣೆ ಮಿಲ್ಲಿನದು, ಮಿಲ್ಲು ಸಾಹುಕಾರ ಮುರುಗೇಶಪ್ಪನವರದು, ತಿಪ್ಪೇರುದ್ರಪ್ಪ ಅವರ ಒಬ್ಬನೇ ಅಳಿಯ, ಊರಿನವರ ಬಾಯಲ್ಲಿ ಅಳಿಯಂದಿರು. ಚಿತ್ತಪ್ಪ ಧರ್ಮಪುರದ ಕಡೆಯ ಕುರಿಹಟ್ಟಿಯವನು, ಚಿತ್ರದುರ್ಗದಲ್ಲಿ ಎರಡನೇ ವರ್ಷದ ಬಿ.ಎ. ತಂಡಕ್ಕೆ ಟೋಪಿ ಹಂಚಿ ಮುಗಿಸಿದ ಮೇಲೆ ಒಂದು ಉಳಿಯಿತೆಂದು ಅವನನ್ನು ಕೊನೆಯವನಾಗಿ ಸೇರಿಸಿಕೊಂಡಿದ್ದರು. ಅಳಿಯಂದಿರಿಗೆ ಬ್ಯಾಟು ಹಿಡಿಯುವಾಗ ಇಲ್ಲದ ಮೊಣಕಾಲು ನೋವು ಫೀಲ್ಡಿಂಗಿಗೆ ಇಳಿಯುವ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಆಗ ಚಿತ್ತಪ್ಪ ಬದಲಿಗೆ ಇಳಿಯುತ್ತಿದ್ದ.

"ಬದಲಿ ಆಟಗಾರ ಅಂತ ಬರೀಬೇಕು ಸಾಹುಕಾರ್ರೆ, ನಿಯಮ ಐತೆ," ಎಂದು ಮೇಷ್ಟ್ರು ಒಮ್ಮೆ ಅಂದಿದ್ದರು.

"ಪುಸ್ತಕ ಕೊಡ್ಸಿದ್ದು ನಿಯಮನೋ, ನಾನೋ?" ಎಂದಿದ್ದರು ಸಾಹುಕಾರರು. ಚರ್ಚೆ ಅಲ್ಲಿಗೆ ಮುಗಿದಿತ್ತು.

ಚಿತ್ತಪ್ಪ ಆದರೂ ಪ್ರತಿ ಆಟಕ್ಕೂ ಬರುತ್ತಿದ್ದ. ವರ್ಷದ ಕೊನೆಗೆ ದಾವಣಗೆರೆಯಲ್ಲಿ ವಲಯದ ತಂಡ ಆರಿಸುತ್ತಾರೆ. ಅಲ್ಲಿಂದ ಬೆಂಗಳೂರಿನ ಲೀಗು. ಅದರಾಚೆಯದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆರಿಸುವವರು ಒಂದು ಆಟವನ್ನೂ ನೋಡಲಿಲ್ಲ. ಊರೂರಿನ ಸ್ಕೋರು ಪುಸ್ತಕ ತರಿಸಿಕೊಂಡು, ಫ್ಯಾನಿನ ಕೆಳಗೆ ಕೂತು ಹದಿನೈದು ಹೆಸರು ಹೆಕ್ಕಿ, ಪರೀಕ್ಷೆಗೆ ಬನ್ನಿರೆಂದು ಕಾಗದ ಹಾಕಿದರು. ಹದಿನೈದನೆಯ ಹೆಸರು: ತಿಪ್ಪೇರುದ್ರಪ್ಪ, ಬೌಂಡರಿ ಫೀಲ್ಡರು, ಹದಿನೆಂಟು ಕ್ಯಾಚು.

ಮಿಲ್ಲಿನಿಂದ ಚಿತ್ತಪ್ಪನಿಗೆ ಕರೆ ಬಂತು.

"ಬಾರಪ್ಪ, ಕುಂತ್ಕ," ಎಂದರು ಸಾಹುಕಾರರು. ಅಳಿಯಂದಿರ ಮುಖ ಹಿಂಡಿಯಂತಾಗಿತ್ತು. ದಾವಣಗೆರೆಯಿಂದ ವಾಪಸು ಬಂದ ಪುಸ್ತಕ ಹಿಡಿದು ಮೇಷ್ಟ್ರೂ ಕೂತಿದ್ದರು.

"ಅಲ್ಲಿ ಓಡ್ಸಿ ನೋಡ್ತಾರಂತೆ ಮಾವ!"

"ಓಡ್ಸಲಿ ಬಿಡು. ಚಿತ್ತಪ್ಪ, ನೀನೇ ಹೋಗು, ಇವನ ಹೆಸ್ರಲ್ಲಿ. ಅಲ್ಲಿ ಇವನ ಮುಖ ಕಂಡೋರು ಯಾರವ್ರೆ?"

"ಆರಿಸಿದ್ರೆ?"

"ನಮಗೆ ಹೆಸರು, ನಿನಗೆ ಆಟ. ಇನ್ನೇನು ಬೇಕೋ?"

ಚಿತ್ತಪ್ಪ ಕೂರಲಿಲ್ಲ. "ನಮ್ ಹಟ್ಟೀಲಿ ಇನ್ನೊಬ್ಬರ ಕುರಿ ಪಾಲಿಗೆ ಮೇಯಿಸ್ತೀವಿ ಸಾಹುಕಾರ್ರೆ. ಕುರಿ ಒಡೇರದ್ದೇ. ಆದ್ರೆ ಹುಟ್ಟಿದ ಮರೀಲಿ ಅರ್ಧ ಮೇಯಿಸಿದೋರ್ದು. ನೀವು ಮರೀನೂ ಪೂರಾ ಹೊಡ್ಕಂಡ್ರಲ್ಲ."

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. ವ್ಯಾಪಾರದ ಮಾತು ಅವರಿಗೆ ಯಾವತ್ತೂ ಇಷ್ಟ.

"ಪಾಲು ಕೇಳ್ತೀಯೇನಲೇ! ಆಗ್ಲಿ. ಮೇಷ್ಟ್ರೇ, ಪುಸ್ತಕ ತಗೀರಿ. ಒಂಬತ್ತು ಕ್ಯಾಚು ಇವನ ಹೆಸ್ರಿಗೆ ತಿದ್ರಿ."

ಮೇಷ್ಟ್ರು ರಬ್ಬರು ಹಿಡಿದು, "ಯಾವ ಒಂಬತ್ತು?" ಎಂದರು.

"ಹೊಸದುರ್ಗದ್ದು ನನಗಿರ್ಲಿ ಮಾವ," ಎಂದರು ಅಳಿಯಂದಿರು, "ಅದು ಎಡಗೈಲಿ ಹಿಡಿದಿದ್ದು."

ಯಾರೂ ನಗಲಿಲ್ಲ, ಅವರು ನಿಜವಾಗಿಯೇ ಹೇಳಿದ್ದರು. ಚಿತ್ತಪ್ಪ ಅವರ ಎಡಗೈಯನ್ನೇ ನೋಡಿದ. ಉಂಗುರವಿತ್ತು, ವಾಚಿತ್ತು, ಅಂಗೈ ಬೆಣ್ಣೆಯಂತಿತ್ತು.

"ಎಲ್ಲಾ ಆಯ್ತಲ್ಲಪ್ಪ," ಎಂದು ಸಾಹುಕಾರರು ಕಾಗದವನ್ನು ಮೇಜಿನ ಮೇಲೆ ಅವನತ್ತ ಸರಿಸಿದರು. "ನಾಳೆ ಏಳರ ಬಸ್ಸು. ಯಾರಾದ್ರೂ ಕೇಳಿದ್ರೆ ತಿಪ್ಪೇರುದ್ರಪ್ಪ ಅನ್ನು. ತಗ."

"ಹೋಗಲ್ಲ," ಎಂದ ಚಿತ್ತಪ್ಪ, "ಇದ್ರಲ್ಲಿರೋ ಹೆಸ್ರು ಇನ್ನೂ ನಂದಲ್ಲ."