ನಡು ಕರಗುವ ಊಟ

ಗಂಡನ ಕಾಯಿಲೆಗಿಂತ ಡಾಕ್ಟರು ಮಾತಿನ ನಡುವೆ ಕನ್ನಡಕ ತೆಗೆದು ಒರೆಸಿದ್ದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು. ಅವಳು ದರ್ಜಿ, ಗಂಡ ಸಿಟಿ ಬಸ್ಸಿನ ಡ್ರೈವರ್. ರಕ್ತದ ಸಕ್ಕರೆ ಮಾತ್ರೆಗೆ ಬಗ್ಗುತ್ತಿಲ್ಲ, ಹೀಗೇ ಆದರೆ ಇಂಜೆಕ್ಷನ್ನೇ ಗತಿ ಎಂದಿದ್ದರು ಡಾಕ್ಟರು. ಇಂಜೆಕ್ಷನ್ ತೆಗೆದುಕೊಳ್ಳುವವನ ಕೈಗೆ ಡಿಪೋದವರು ಬಸ್ಸು ಕೊಡುವುದಿಲ್ಲ. ಸೂಜಿಯಿಂದಲೇ ಬದುಕುತ್ತಿದ್ದ ಹೆಂಗಸು ಮೊದಲ ಬಾರಿ ಸೂಜಿಗೆ ಹೆದರಿದಳು.

ದಾರಿ ತೋರಿಸಿದವನು ಅವಳ ತಮ್ಮ, ಜಿಮ್ಮಿನಲ್ಲಿ ಕಸರತ್ತು ಕಲಿಸುವವನು. ಆದಿಮಾನವರು ತಿಂದದ್ದನ್ನೇ ತಿನ್ನಬೇಕಂತೆ: ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ. ಅನ್ನ, ಬ್ರೆಡ್ಡು, ಬೇಳೆ, ಹಾಲು, ಸಕ್ಕರೆ ಹೊಸಿಲು ದಾಟಿ ಒಳಗೆ ಬರಕೂಡದು. ಪೇಲಿಯೋ ಎಂದು ಅದರ ಹೆಸರು. ಅತ್ತೆಯ ಬಾಯಲ್ಲಿ ಅದು ಮೊದಲ ದಿನವೇ ಪೋಲಿಯೋ ಆಯಿತು.

"ಗುಹೇಲಿದ್ದೋರು ಬಸ್ ಓಡಿಸ್ತಿದ್ರೇನೇ?" ಎಂದು ಅತ್ತೆ ಕೇಳಿದಳು. ಸೊಸೆ ನಗಲಿಲ್ಲ.

ಅವನಿಗೊಂದು, ಮಿಕ್ಕವರಿಗೊಂದು ಅಡುಗೆ ಮಾಡುತ್ತ ಕೂತರೆ ಹೊಲಿಯುವುದು ಯಾವಾಗ? ಮನೆಗೆಲ್ಲ ಒಂದೇ ಪಾತ್ರೆ ಎಂದು ತೀರ್ಮಾನವಾಯಿತು. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ವಾರದ ರಾತ್ರಿಯೂಟ ಬರೆದಿಟ್ಟಳು: ಮೊಟ್ಟೆ ಸೊಪ್ಪು, ಮೀನು ಸೌತೆಕಾಯಿ, ಕೋಳಿ ಕ್ಯಾರೆಟ್ಟು, ಮತ್ತೆ ಮೊಟ್ಟೆ. ಒಂದು ಪ್ಯಾಂಟಿನ ಅಂಚು ಮಡಿಸಿ ಹೊಲಿಯುವಷ್ಟರಲ್ಲಿ ಬೇಯಬೇಕು, ಬೇಯದ್ದಕ್ಕೆ ಆ ಮೇಜಿನಲ್ಲಿ ಜಾಗವಿಲ್ಲ. ಸಕ್ಕರೆ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟುಬರಲು ಅತ್ತೆಯನ್ನೇ ಕಳಿಸಿದಳು.

ಮಾತ್ರೆ ನುಂಗಿ ಊಟ ತಪ್ಪಿಸಿದರೆ ಮೈ ಬೆವರಿ ಕೈ ನಡುಗುತ್ತದೆ, ಆಗ ತಕ್ಷಣ ಸಕ್ಕರೆ ಕೊಡಬೇಕು ಎಂದೂ ಡಾಕ್ಟರು ಹೇಳಿದ್ದರು. ಆದರೆ ಅವಳೆಲ್ಲಿ ಊಟ ತಪ್ಪಿಸಿದ್ದಳು? ತಟ್ಟೆ ತುಂಬ ಬಡಿಸುತ್ತಿದ್ದಳಲ್ಲ. ಮಾತ್ರೆಯೂ ಹೊತ್ತಿಗೆ ಸರಿಯಾಗಿ ನಡೆದೇ ಇತ್ತು.

ಗಿರಾಕಿಗಳ ಅಳತೆ ಕೂಗುವಾಗ ಅವಳು ಸೊಂಟ ಎನ್ನುತ್ತಿರಲಿಲ್ಲ, ನಡು ಎನ್ನುತ್ತಿದ್ದಳು. ಆ ಮಾತು ಮನೆಮಂದಿಗೆಲ್ಲ ಅಂಟಿತ್ತು. ಒಂದು ಬೆಳಿಗ್ಗೆ ಮೆಷಿನ್ನು ಗಡಗಡ ಓಡುತ್ತಿರುವಾಗ, ಕೆಲಸಕ್ಕೆ ಹೊರಟ ಗಂಡ ಬಾಗಿಲಲ್ಲಿ ನಿಂತು ಹೇಳಿದ, "ನಡು ಕರಗ್ತಿದೆ ಕಣೇ."

ಹಾಗಂತ ಅವಳಿಗೆ ಕೇಳಿಸಿತು.

"ಆಗ್ಲಿ ಬಿಡಿ, ಅದಕ್ಕೇ ತಾನೇ ಇಷ್ಟೆಲ್ಲಾ ಮಾಡ್ತಿರೋದು," ಎಂದಳು ತಲೆಯೆತ್ತದೆ. ಆ ದಿನವೇ ಅವನ ಪ್ಯಾಂಟಿನ ನಡುವನ್ನು ಒಂದು ಬೆರಳಷ್ಟು ಹಿಡಿದು ಹೊಲಿದಳು. ಎದೆಯ ಮೇಲಿನ ಕಲ್ಲು ಒಂಚೂರು ಸರಿದಂತಾಯಿತು.

ಮೀನು ಸೌತೆಕಾಯಿಯ ಸರದಿ ಬಂದ ಸಂಜೆ ಅವನು ಬಂದವನೇ ಸುಮ್ಮನೆ ಊಟಕ್ಕೆ ಕೂತ. ಮೊದಲ ತುತ್ತು ಬಾಯಿಯ ಬದಲು ಕೆನ್ನೆಗೆ ಹೋಯಿತು. ಮಗಳು ಕಿಸಕ್ಕನೆ ನಕ್ಕಳು. ಅಪ್ಪ ನಗಲಿಲ್ಲ. ಅಂಗಿ ಬೆನ್ನಿಗೆ ಒದ್ದೆಯಾಗಿ ಅಂಟಿತ್ತು. ಮಗಳ ಮುಖವನ್ನೇ ಗುರುತಿಲ್ಲದವನಂತೆ ನೋಡಿ, ಮರ್ಯಾದೆಯಿಂದ ಕೇಳಿದ, "ನೀವು ಯಾವ ಸ್ಟಾಪಲ್ಲಿ ಇಳೀಬೇಕು?"

ಅವಳು ಅವನ ಭುಜ ಹಿಡಿದಳು. "ರೀ, ಏನಾಗ್ತಿದೆ?"

"ನಡುಕ ಆಗ್ತಿದೆ," ಎಂದ ತೊದಲುತ್ತ. "ಅವತ್ತೇ ಹೇಳಿದ್ನಲ್ಲ. ನೀನೇ ಆಗ್ಲಿ ಬಿಡಿ ಅಂದೆ."

ನಡು ಕರಗ್ತಿದೆ, ನಡುಕ ಆಗ್ತಿದೆ. ಮೆಷಿನ್ನಿನ ಸದ್ದು ಸೇರಿಸಿದ್ದು ಒಂದೇ ಒಂದು ಅಕ್ಷರ. ಅಂದಿನಿಂದ ಅವನು ಹೆಂಡತಿಯ ಅಪ್ಪಣೆ ಸಿಕ್ಕ ಧೈರ್ಯದಲ್ಲಿ ನಡುಗುವ ಕೈಯಲ್ಲೇ ಬಸ್ಸು ಓಡಿಸಿದ್ದ.

ಸಕ್ಕರೆಗೆಂದು ಅಡುಗೆಮನೆಗೆ ಓಡಿದಳು. ಕಪಾಟಿನಲ್ಲಿ ಮೊಟ್ಟೆ, ಉಪ್ಪು, ಎಣ್ಣೆ. ಇಷ್ಟು ಅಚ್ಚುಕಟ್ಟಾಗಿ ಖಾಲಿ ಮಾಡಿದ್ದಕ್ಕೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಪಕ್ಕದ ಮನೆಗೆ ಓಡಲು ತಿರುಗುವಷ್ಟರಲ್ಲಿ, ಗಿರಾಕಿಗಳು ಬಿಟ್ಟುಹೋದ ಬಟ್ಟೆಗಂಟಿನ ಮುಂದೆ ಅತ್ತೆ ಮಂಡಿಯೂರಿದ್ದಳು. ತಳದಿಂದ ಹೊರಬಂದದ್ದು ಪಕ್ಕದ ಮನೆ ತಲುಪಬೇಕಿದ್ದ ಅದೇ ಡಬ್ಬ.

"ಬೈಯೋದಿದ್ರೆ ಆಮೇಲೆ ಬೈ," ಎಂದಳು ಅತ್ತೆ. "ಮೊದ್ಲು ನೀರು ತಾ."

ಸಕ್ಕರೆ ನೀರು ಅರ್ಧ ಅಂಗಿಗೆ, ಅರ್ಧ ಹೊಟ್ಟೆಗೆ ಹೋಯಿತು. ಎಲ್ಲರೂ ಅವನ ಕೈಬೆರಳುಗಳನ್ನೇ ನೋಡುತ್ತ ಕೂತರು. ಕೊನೆಗೆ ಅವನು ಮಗಳನ್ನು ಅಡ್ಡಹೆಸರಿನಿಂದ ಕರೆದ, "ಯಾಕೆ ಗುಬ್ಬಿ, ಅಳ್ತಿದ್ದೀಯಾ?" ಆಮೇಲೆ ತಾನೇ ಹೇಳಿದ: ಮಧ್ಯಾಹ್ನ ಕೆಂಪು ದೀಪ ಕಂಡಿತ್ತಂತೆ, ಅದು ತನಗೇ ಅಂತ ಹೊಳೆಯಲಿಲ್ಲವಂತೆ. ಬಸ್ಸು ತುಂಬಿತ್ತಂತೆ.

ಡಾಕ್ಟರು ಫೋನಿನಲ್ಲೇ ರೇಗಿದರು. ಅನ್ನ, ಬ್ರೆಡ್ಡು ನಿಲ್ಲಿಸಿದ ಮೇಲೆ ಅದೇ ಮಾತ್ರೆ ಯಾರನ್ನು ಕೇಳಿ ಮುಂದುವರಿಸಿದಿರಿ ಎಂದರು. ನಾಳೆ ಬಂದು ತೋರಿಸುವವರೆಗೆ ಆ ಮಾತ್ರೆ ಬೇಡ, ತಾನು ಹೇಳುವವರೆಗೆ ಸ್ಟೀರಿಂಗ್ ಮುಟ್ಟಕೂಡದು. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದಳೋ ಅದನ್ನು ಅವಳೇ ಮನೆಗೆ ಕರೆತಂದಿದ್ದಳು.

ಬೆಳಿಗ್ಗೆ ಮೆಷಿನ್ನಿಗೆ ಕೂತಳು. ಮನೆಯಲ್ಲೇ ಉಳಿದಿದ್ದ ಗಂಡ ಬಾಗಿಲಿಗೆ ಬಂದ. ಅವಳು ತಟ್ಟನೆ ಕಾಲು ತೆಗೆದಳು. ಚಕ್ರ ನಿಲ್ಲಲಿ ಎಂದು ಅಂಗೈ ಅಡ್ಡ ಇಟ್ಟಳು.

"ಏನಂದ್ರಿ?"

"ಏನೂ ಇಲ್ಲ ಕಣೇ. ಕೆಮ್ಮಿದೆ."

"ಇನ್ನೊಂದ್ಸಲ ಕೆಮ್ಮಿ," ಎಂದಳು ಅವಳು.